ತೆಂಗಿನಕಾಯಿಗೆ ಕೊಟ್ಟ ಕೆಲಸ

ಭೂವಿಜ್ಞಾನದಲ್ಲಿ ಬಿಎಸ್‌ಸಿ ಮಾಡುತ್ತೇನೆ ಎಂದ ಮಕ್ಕಳಿಗೆ ಮನೆಯಲ್ಲಿ ಸಿಗುವ ಮೊದಲ ಉತ್ತರ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ: "ಕಲ್ಲು ಓದಿ ಏನ್ ಮಾಡ್ತೀಯ?" ನೆಂಟರಲ್ಲಿ ಎಂಜಿನಿಯರ್ ಆದ ಚಿಕ್ಕಪ್ಪ ಒಬ್ಬರಿದ್ದರೆ ಅದೇ ಮಾತು ಇನ್ನಷ್ಟು ಸಾಣೆ ಹಿಡಿಸಿಕೊಂಡು ಬರುತ್ತದೆ: "ನೋಡಪ್ಪಾ, ಕೆಜಿಎಫ್ ಮುಚ್ಚಿತು, ಕುದುರೆಮುಖ ಮುಚ್ಚಿತು. ಇನ್ನೇನು ಉಳಿದಿದೆ ಹೇಳು? ಬೇರೆಲ್ಲೂ ಸೀಟು ಸಿಗದವರು ಸೇರೋ ಕೋರ್ಸು ಅದು. ಸುಮ್ಮನೆ ಬಿಸಿಎ ಮಾಡು." ಕಾಲೇಜಿನ ಆಡಳಿತ ಮಂಡಳಿಯ ಸಭೆಯಲ್ಲಿ ಇದು ಲೆಕ್ಕಪತ್ರದ ಭಾಷೆಗೆ ತಿರುಗುತ್ತದೆ. ಮಕ್ಕಳು ಸೇರುತ್ತಿಲ್ಲ, ಅತಿಥಿ ಉಪನ್ಯಾಸಕರ ಗೌರವಧನ ದಂಡ, ವಿಭಾಗವನ್ನು ಪರಿಸರ ವಿಜ್ಞಾನದೊಳಗೆ ಸೇರಿಸಿಬಿಡೋಣ, ಶಿಲಾ ಮಾದರಿಗಳ ಬೀರು ಇರುವ ಕೋಣೆ ಕಂಪ್ಯೂಟರ್ ಲ್ಯಾಬಿಗಾಗುತ್ತದೆ. ಆಡುವ ಬಾಯಿ ಬೇರೆ ಬೇರೆಯಾದರೂ ತಿರುಳು ಒಂದೇ. ಭೂವಿಜ್ಞಾನ ಓದಿದವರಿಗೆ ಈ ರಾಜ್ಯದಲ್ಲಿ ಕೆಲಸವಿಲ್ಲ. ಹಾಗಾಗಿ ಆ ಪದವಿಗೂ ಇಲ್ಲಿ ಕೆಲಸವಿಲ್ಲ.

ಇದು ಸುಳ್ಳು. ಕೆಲಸ ಇದೆ, ಬೇಕಾದಷ್ಟಿದೆ. ಅದನ್ನು ನಾವು ತೆಂಗಿನಕಾಯಿಗೆ ಕೊಟ್ಟಿದ್ದೇವೆ.

ಉತ್ಪ್ರೇಕ್ಷೆ ಅನ್ನಿಸಿದರೆ ಬೇಸಿಗೆಯಲ್ಲಿ ಚಿಂತಾಮಣಿ, ಮುಳಬಾಗಿಲು, ಪಾವಗಡದ ಕಡೆ ಒಂದು ಸುತ್ತು ಹೋಗಿಬನ್ನಿ. ರೈತ ಬೋರ್ ಹಾಕಿಸಬೇಕು ಎಂದುಕೊಂಡ ದಿನ ಮೊದಲು ಬರುವವನು ಪಾಯಿಂಟ್ ಮಾಡುವವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ಉದ್ದಗಲ ನಡೆಯುತ್ತಾನೆ; ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಕೆಲವರು ಬೇವಿನ ಕವೆಗೋಲು ಹಿಡಿಯುತ್ತಾರೆ. ಅವನು ಗುರುತು ಮಾಡಿದಲ್ಲಿ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಪೂಜೆ ಮಾಡಿದ ಮೇಲೆ ರಾತ್ರಿ ಬೋರ್ ಲಾರಿ ಬರುತ್ತದೆ. ಅಡಿಗೆ ಇಷ್ಟು ಎಂದು ದರ. ಐನೂರು ಅಡಿ ದಾಟಿದರೂ ಬರೀ ಧೂಳು. "ಇನ್ನೊಂದು ನೂರಡಿ ನೋಡೋಣ ಗೌಡ್ರೆ, ಇಲ್ಲಿಗೆ ಬಂದು ಬಿಟ್ಟರೆ ಹಾಕಿದ್ದೆಲ್ಲ ವೇಸ್ಟು" ಎನ್ನುತ್ತಾನೆ ಏಜೆಂಟು. ಸಾವಿರ ಅಡಿಗೆ ಬೋರ್ ಫೇಲ್. ಲಕ್ಷಗಟ್ಟಲೆ ಸಾಲ. ಮನೆಯವರು ಬೈದುಕೊಳ್ಳುವುದು ತಮ್ಮ ಹಣೆಬರಹವನ್ನು. ಪಾಯಿಂಟ್ ಮಾಡಿದವನು ಅಷ್ಟರಲ್ಲಿ ಪಕ್ಕದ ಊರಿನಲ್ಲಿ ಇನ್ನೊಬ್ಬರ ಹೊಲದಲ್ಲಿ ನಡೆಯುತ್ತಿರುತ್ತಾನೆ.

ನಮ್ಮ ಬಯಲುಸೀಮೆಯ ಬಹುಪಾಲು ನೆಲದ ಅಡಿಯಲ್ಲಿರುವುದು ನೈಸ್ ಮತ್ತು ಗ್ರಾನೈಟ್. ಈ ಕಲ್ಲು ತನ್ನ ಮೈಯೊಳಗೆ ನೀರು ಹಿಡಿದುಕೊಳ್ಳುವುದಿಲ್ಲ. ಮೇಲ್ಭಾಗದಲ್ಲಿ ಬಿಸಿಲು ಮಳೆಗೆ ಕಲ್ಲು ಕೊಳೆತು ಪುಡಿಪುಡಿಯಾದ ಪದರವೊಂದಿರುತ್ತದೆ. ನೀರು ನಿಲ್ಲುವುದು ಅದರಲ್ಲಿ. ಅದರ ಕೆಳಗೆ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಒಂದಿಷ್ಟು. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ, ಬಿಗಿಯಾಗುತ್ತವೆ. ನಲವತ್ತು ಐವತ್ತು ವರ್ಷದ ಹಿಂದೆ ತೆಂಗಿನಕಾಯಿ ಏಕೆ ಗೆಲ್ಲುತ್ತಿತ್ತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆಗ ಕೊಳೆತ ಕಲ್ಲಿನ ಪದರದಲ್ಲಿ ನೀರು ತುಂಬಿತ್ತು, ಹೊಲದ ಯಾವ ಮೂಲೆಯಲ್ಲಿ ತೋಡಿದರೂ ಅಷ್ಟೋ ಇಷ್ಟೋ ಬರುತ್ತಿತ್ತು, ಕೀರ್ತಿ ಮಾತ್ರ ಕಾಯಿಗೆ ಹೋಗುತ್ತಿತ್ತು. ಆ ಪದರ ಈಗ ಒಣಗಿದೆ. ಉಳಿದಿರುವುದು ಬಿರುಕು. ಬಿರುಕು ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಓರೆಯಾಗಿ ಇಳಿಯುತ್ತದೆ, ಹೊಲದ ನಡುವೆ ಕರಿಕಲ್ಲಿನ ಗೋಡೆ, ಅಂದರೆ ಡೈಕ್, ಅಡ್ಡ ಬಂದು ನೆಲದೊಳಗಿನ ನೀರನ್ನು ಕಟ್ಟೆಯಂತೆ ತಡೆದಿದೆಯೇ, ತಡೆದಿದ್ದರೆ ಅದರ ಯಾವ ಮಗ್ಗುಲಲ್ಲಿ ಕೊರೆಯಬೇಕು, ಇವೆಲ್ಲ ಬಿಎಸ್‌ಸಿ ಎರಡನೆಯ ವರ್ಷದ ಪಾಠಗಳು. ಬೇಕಿರುವುದು ಒಂದು ದಿಕ್ಸೂಚಿ, ಒಂದು ಟೋಪೋಶೀಟು, ವಿದ್ಯುತ್ ರೋಧ ಅಳೆಯುವ ಒಂದು ಪೆಟ್ಟಿಗೆ, ಹೊಲದ ಸುತ್ತ ಒಂದೆರಡು ಮೈಲಿ ನಡೆಯುವ ಕಾಲು.

ಭೂವಿಜ್ಞಾನಿ ತೋರಿಸಿದ ಪಾಯಿಂಟೂ ಎಷ್ಟೋ ಸಲ ಫೇಲ್ ಆಗುತ್ತದೆ ಎಂದು ಇಲ್ಲಿ ಯಾರಾದರೂ ಎದ್ದು ಹೇಳುತ್ತಾರೆ. ಆಗುತ್ತದೆ. ಆದರೆ ತೆಂಗಿನಕಾಯಿ ಇಡೀ ಹೊಲ ಸುತ್ತಿ ಎಲ್ಲೂ ಏಳದೆ ಮಲಗಿದ್ದನ್ನು ನೀವು ಕಂಡಿದ್ದೀರಾ? ಪಾಯಿಂಟ್ ಮಾಡುವವನ ಹೊಟ್ಟೆಪಾಡು ನಿಂತಿರುವುದು ಕಾಯಿ ಏಳುವುದರ ಮೇಲೆ, ಏಜೆಂಟಿನದು ಅಡಿಗಳ ಲೆಕ್ಕದ ಮೇಲೆ. "ಇಲ್ಲಿ ಕೊರೆಸಬೇಡಿ, ಈ ಸರ್ವೆ ನಂಬರಿನಲ್ಲಿ ನೀರಿಲ್ಲ, ಆ ದುಡ್ಡಿನಲ್ಲಿ ಕೃಷಿ ಹೊಂಡ ತೋಡಿಸಿ" ಎಂದು ಹೇಳಬಲ್ಲವನು ಭೂವಿಜ್ಞಾನ ಓದಿದವನು ಮಾತ್ರ. ಅವನ ಬಾಯಿಂದ ಬರುವ ಅತಿ ಬೆಲೆಬಾಳುವ ಮಾತು "ಬೇಡ" ಎಂಬುದು. ಅದರ ಮೇಲೆ ಯಾರಿಗೂ ಕಮಿಷನ್ ಸಿಗುವುದಿಲ್ಲ. ಕೆಲಸ ಇಲ್ಲ ಎಂಬ ಕೂಗಿನ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಹಳ್ಳಿಯವರ ಮೂಢನಂಬಿಕೆ ಎಂದು ಪಟ್ಟಣದವರು ನಗಬೇಕಾಗಿಲ್ಲ. 2017ರಲ್ಲಿ ನಮ್ಮ ಸರ್ಕಾರವೇ 'ಪಾತಾಳಗಂಗೆ' ಎಂಬ ಹೆಸರಿಟ್ಟು, ನೆಲದ ಬಹಳ ಆಳದಿಂದ ನೀರೆತ್ತುವ ಯೋಜನೆ ಪ್ರಕಟಿಸಿತು. ಗಟ್ಟಿ ಶಿಲೆಯ ನಾಡಿನಲ್ಲಿ ಆ ಆಳದಲ್ಲಿ ಎತ್ತುವಷ್ಟು ನೀರು ಎಲ್ಲಿಂದ ಬರಬೇಕು ಎಂದು ತಜ್ಞರು ಕೇಳಿದ ಮೇಲೆ ಅದು ತಣ್ಣಗಾಯಿತು. ಆ ಪ್ರಶ್ನೆ ಪದವಿ ತರಗತಿಯ ಮಟ್ಟದ್ದು. ಕಡತ ಹೋದ ಮೇಜುಗಳಲ್ಲಿ ಒಂದರ ಹಿಂದಾದರೂ ಭೂವಿಜ್ಞಾನ ಓದಿದವರು ಇದ್ದಿದ್ದರೆ ಘೋಷಣೆಯೇ ಆಗುತ್ತಿರಲಿಲ್ಲ.

ಆಳಕ್ಕೆ ಇಳಿದು ಹೇಗೋ ನೀರು ಸಿಕ್ಕಿತು ಅನ್ನಿ, ಕಥೆ ಮುಗಿಯಲಿಲ್ಲ. ಗ್ರಾನೈಟಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಹುಕಾಲ ಕಲ್ಲಿನ ಸಂಗದಲ್ಲಿದ್ದ ನೀರಿಗೆ ಅದು ಇಳಿದು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕದ ಮಿತಿ. ಪಾವಗಡದ ಮಕ್ಕಳ ಕಂದುಗಟ್ಟಿದ ಹಲ್ಲು, ನಲವತ್ತಕ್ಕೇ ಬಗ್ಗಿದ ಬೆನ್ನು ಆ ಮಿತಿ ದಾಟಿದ್ದರ ಫಲ. ಇದಕ್ಕೆ ನಾವು ವೈದ್ಯರನ್ನು ಕರೆಯುತ್ತೇವೆ, ಶುದ್ಧ ನೀರಿನ ಘಟಕದ ಗುತ್ತಿಗೆದಾರರನ್ನು ಕರೆಯುತ್ತೇವೆ. ಯಾವ ಊರಿನ ಯಾವ ಬಾವಿ ಯಾವ ಶಿಲೆಯಲ್ಲಿದೆ ಎಂದು ಗುರುತು ಹಾಕಿಕೊಡುವವರನ್ನು ಕರೆಯುವುದಿಲ್ಲ.

ಘಟ್ಟದ ಕಡೆಗೆ ಬಂದರೆ ತೆಂಗಿನಕಾಯಿಯ ಜಾಗದಲ್ಲಿ ಜೆಸಿಬಿ ಇದೆ. ಮಲೆನಾಡು ಕರಾವಳಿಯಲ್ಲಿ ಧರೆ ಕುಸಿಯುವುದು ಮಳೆಗಾಲದ ನಿತ್ಯದ ಸುದ್ದಿ. 2018ರ ಆಗಸ್ಟಿನಲ್ಲಿ ಕೊಡಗು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಶಿರೂರಿನಲ್ಲಿ ಗುಡ್ಡದ ಬುಡ ಕಡಿದು ಹೆದ್ದಾರಿ ಅಗಲ ಮಾಡಿದ್ದರು. ಗುಡ್ಡ ರಸ್ತೆಯನ್ನೂ ಚಹಾದಂಗಡಿಯನ್ನೂ ಲಾರಿಯನ್ನೂ ಗಂಗಾವಳಿ ನದಿಗೆ ನೂಕಿತು. ಆ ಸೀಮೆಯ ಗುಡ್ಡಗಳ ಮೇಲ್ಭಾಗ ಜಂಬಿಟ್ಟಿಗೆ, ಅದರ ಕೆಳಗೆ ನೀರು ಕುಡಿದರೆ ಜಾರುವ ಜೇಡಿ, ಅದರ ಕೆಳಗೆ ಗಟ್ಟಿ ಕಲ್ಲು. ಬುಡದಲ್ಲಿ ನೆಟ್ಟಗೆ ಕಡಿದರೆ ರಾಗಿ ಮೂಟೆಗಳ ಅಟ್ಟಿಯಲ್ಲಿ ತಳದ ಮೂಟೆ ಎಳೆದ ಹಾಗೆ. ಧರೆಯನ್ನು ಯಾವ ಓರೆಯಲ್ಲಿ ಕಡಿಯಬೇಕು, ಎಷ್ಟು ಎತ್ತರಕ್ಕೊಂದು ಮೆಟ್ಟಿಲು ಬಿಡಬೇಕು, ಒಳಗಿನ ನೀರು ಹೊರಬರಲು ಎಲ್ಲಿ ದಾರಿ ಮಾಡಬೇಕು ಎಂದು ಹಳ್ಳಿಯ ಮನೆಯಿಂದ ಹೆದ್ದಾರಿಯವರೆಗೆ ನಿರ್ಧರಿಸುತ್ತಿರುವುದು ಎಷ್ಟೋ ಕಡೆ ಗಂಟೆ ಲೆಕ್ಕದಲ್ಲಿ ದುಡಿಯುವ ಯಂತ್ರದ ಚಾಲಕ. ಅವನ ತಪ್ಪೇನಿಲ್ಲ. ಅವನಿಗೆ ಹೇಳಬೇಕಾದವರನ್ನು ನಾವು ಓದಿಸಲಿಲ್ಲ, ಓದಿದವರನ್ನು ನೇಮಿಸಲಿಲ್ಲ.

"ಅದಕ್ಕೆಲ್ಲ ಸಿವಿಲ್ ಎಂಜಿನಿಯರ್‌ಗಳಿದ್ದಾರಲ್ಲ" ಎನ್ನುತ್ತಾರೆ ಚಿಕ್ಕಪ್ಪ. ಇದ್ದಾರೆ. ನಾಲ್ಕು ವರ್ಷದಲ್ಲಿ ಅವರು ಭೂವಿಜ್ಞಾನ ಓದುವುದು ಹೆಚ್ಚೆಂದರೆ ಒಂದು ಪತ್ರಿಕೆಯಷ್ಟು. ಇಟಲಿಯ ವಾಯೊಂತ್ ಅಣೆಕಟ್ಟಿನ ಸಂಗತಿಯನ್ನು ಈ ಚಿಕ್ಕಪ್ಪಂದಿರೆಲ್ಲ ಒಮ್ಮೆ ಓದಬೇಕು. ಕಾರ್ಲೊ ಸೆಮೆಂಜಾ ಎಂಬ ಹೆಸರಾಂತ ಎಂಜಿನಿಯರ್ ವಿನ್ಯಾಸ ಮಾಡಿದ, 260 ಮೀಟರಿಗೂ ಎತ್ತರದ ಕಾಂಕ್ರೀಟ್ ಕಮಾನು ಅದು. ಅವರ ಮಗ ಎದೋವಾರ್ದೊ ಭೂವಿಜ್ಞಾನಿ. ಜಲಾಶಯದ ಪಕ್ಕದ ತೋಕ್ ಬೆಟ್ಟದ ಮಗ್ಗುಲು ಹಿಂದೊಮ್ಮೆ ಜಾರಿ ಬಂದು ನಿಂತ ರಾಶಿ, ಮತ್ತೆ ಜಾರಬಹುದು ಎಂದು ಅವರು ನೆಲ ನಡೆದು, ನಕ್ಷೆ ಬರೆದು ಮೊದಲೇ ತೋರಿಸಿದ್ದರು. ಆ ಮಾತಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲ. 1963ರ ಅಕ್ಟೋಬರ್ 9ರ ರಾತ್ರಿ ಬೆಟ್ಟದ ಮಗ್ಗುಲು ಕಳಚಿ ಜಲಾಶಯಕ್ಕೆ ಬಿತ್ತು. ಉಕ್ಕಿದ ನೀರು ಅಣೆಕಟ್ಟನ್ನು ಹಾರಿ ಕೆಳಗಿನ ಊರುಗಳಲ್ಲಿ ಸುಮಾರು 2,000 ಜನರನ್ನು ಕೊಂದಿತು. ಅಣೆಕಟ್ಟು ಇವತ್ತಿಗೂ ನಿಂತಿದೆ. ತಂದೆಯ ವಿದ್ಯೆಯಲ್ಲಿ ದೋಷವಿರಲಿಲ್ಲ. ಆ ರಾತ್ರಿಗೆ ಬೇಕಾಗಿದ್ದದ್ದು ಮಗನ ವಿದ್ಯೆ.

ಇನ್ನು ಸಂಬಳದ ಮಾತು. ಬರೀ ಬಿಎಸ್‌ಸಿ ಮುಗಿಸಿದವರಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಭೂವಿಜ್ಞಾನಿಯ ಹುದ್ದೆ ಸಿಗುವುದಿಲ್ಲ. ಎಂಎಸ್‌ಸಿ ಬೇಕು, ಆಮೇಲೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಗೆಲ್ಲಬೇಕು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, ಅಂತರ್ಜಲ ನಿರ್ದೇಶನಾಲಯದಲ್ಲಿ ನೇಮಕಾತಿ ಯಾವಾಗ ಎಂದು ಕಾದು ಕೂದಲು ಹಣ್ಣಾಗಿಸಿಕೊಂಡವರಿದ್ದಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಆದರೆ ಭೌತಶಾಸ್ತ್ರದಲ್ಲಿ, ಗಣಿತದಲ್ಲಿ ಬರೀ ಬಿಎಸ್‌ಸಿ ಮಾಡಿದವರಿಗೆ ಯಾರು ಹಾರ ಹಿಡಿದು ಕಾಯುತ್ತಿದ್ದಾರೆ? ಅವನ್ನು ಯಾರೂ ಸೀಟು ಸಿಗದವರ ಕೋರ್ಸು ಎನ್ನುವುದಿಲ್ಲ. ಮುಚ್ಚಿದ ಗಣಿಗಳ ಪಟ್ಟಿಯೂ ಹೀಗೆಯೇ ಅರ್ಧ ಓದಿದ್ದು. ಕೆಜಿಎಫ್ 2001ರ ಫೆಬ್ರುವರಿಯಲ್ಲಿ ಮುಚ್ಚಿತು, ನಿಜ. ರಾಯಚೂರಿನ ಹಟ್ಟಿಯಲ್ಲಿ ಚಿನ್ನ ಇವತ್ತೂ ಮೇಲೆ ಬರುತ್ತಿದೆ, ಸಂಡೂರಿನ ಅದಿರೂ ಹೋಗುತ್ತಲೇ ಇದೆ.

ಈ ವಿಷಯವನ್ನು ಎತ್ತಿ ಹಿಡಿಯಲು ಬರುವ ನಮ್ಮದೇ ಪಕ್ಷದ ಕೆಲವರ ಬಗ್ಗೆ ನನಗೆ ಹೆಚ್ಚಿನ ತಕರಾರಿದೆ. ಅವರು ಲಿಥಿಯಂ ಎನ್ನುತ್ತಾರೆ, ವಿರಳ ಖನಿಜ ಎನ್ನುತ್ತಾರೆ, ಆಸ್ಟ್ರೇಲಿಯಾದ ಗಣಿ ಕಂಪನಿಗಳ ಸಂಬಳ ಎನ್ನುತ್ತಾರೆ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತೆಂದು 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. ಮರುವರ್ಷ ಕೇಂದ್ರ ಸರ್ಕಾರ ಹೇಳಿದ ಅಂಕಿ 1,600 ಟನ್, ಅದೂ ಅಂದಾಜಿನ ಹಂತದ್ದು. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದಾಗ ಟಿವಿಗಳಲ್ಲಿ ದೇಶ ಆಗಲೇ ಶ್ರೀಮಂತವಾಗಿತ್ತು. ಹರಾಜಿಗಿಟ್ಟಾಗ ನಿಯಮದಷ್ಟು ಅರ್ಹ ಬಿಡ್ಡುದಾರರೂ ಬರಲಿಲ್ಲ. ಅಂದಾಜು ಸಂಪನ್ಮೂಲ ಬೇರೆ, ಲಾಭಕ್ಕೆ ಗಣಿ ಮಾಡಬಹುದಾದ ನಿಕ್ಷೇಪ ಬೇರೆ. ಎರಡರ ನಡುವೆ ವರ್ಷಗಟ್ಟಲೆ ಕೊರೆಯುವ, ಅಳೆಯುವ, ಕೈಬಿಡುವ ಕೆಲಸವಿದೆ. ಭೂವಿಜ್ಞಾನ ಓದಿದ ಒಬ್ಬ ಉಪಸಂಪಾದಕ ಇದ್ದಿದ್ದರೆ ಆ ತಲೆಬರಹಗಳನ್ನು ತಡೆಯುತ್ತಿದ್ದ. ಇಂಥ ಗಾಳಿಸುದ್ದಿಯನ್ನೇ ಆಮಿಷವಾಗಿ ಒಡ್ಡಿ ಮಕ್ಕಳನ್ನು ಈ ವಿಷಯಕ್ಕೆ ಕರೆಯುವುದು ಆ ವಿಷಯಕ್ಕೇ ಮಾಡುವ ದ್ರೋಹ. ಗಾಳಿ ಇಳಿದ ದಿನ ಅವರು ಬೈಯುವುದು ಭೂವಿಜ್ಞಾನವನ್ನು.

ಇನ್ನೊಂದು ಬುದ್ಧಿವಂತ ವಾದವಿದೆ: ಈಗೆಲ್ಲ ಉಪಗ್ರಹ ಚಿತ್ರ, ಕೃತಕ ಬುದ್ಧಿಮತ್ತೆ; ಸುತ್ತಿಗೆ ಹಿಡಿದು ಬಿಸಿಲಲ್ಲಿ ಅಲೆಯುವ ಕಾಲ ಮುಗಿಯಿತು, ಗಣಕದಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿಸಿದರೆ ಸಾಕು. ಜಿಐಎಸ್ ಕಲಿಸಲಿ, ಬೇಡ ಎಂದವರಾರು? ಆದರೆ ಉಪಗ್ರಹ ಚಿತ್ರದಲ್ಲಿ ಕಾಣುವ ನೆಟ್ಟನೆಯ ಗೆರೆ ಬಿರುಕೂ ಆಗಿರಬಹುದು, ಡೈಕೂ ಆಗಿರಬಹುದು, ಹಳೆಯ ಬಂಡಿದಾರಿಯೂ ಆಗಿರಬಹುದು, ಗೌಡರ ಬೇಲಿಯೂ ಆಗಿರಬಹುದು. ಹೋಗಿ ನೋಡದೆ ಗೊತ್ತಾಗುವುದಿಲ್ಲ. ಆ ಯಂತ್ರಗಳಿಗೆ ಕಲಿಸಲು ಬಳಸುವ ನಕ್ಷೆಗಳೇ ಯಾರೋ ಬಿಸಿಲಲ್ಲಿ ನಡೆದು ಬರೆದವು. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿಕೊಂಡಿತು. ಬ್ರೂಸ್ ಫೂಟ್, ಸ್ಮೀತ್, ಆಮೇಲೆ ನಮ್ಮವರೇ ಆದ ಪಿಚ್ಚಮುತ್ತು, ಬಿ.ಪಿ. ರಾಧಾಕೃಷ್ಣ, ಇವರೆಲ್ಲ ಕಾಲಲ್ಲಿ ಅಳೆದ ನಾಡು ಇದು. 1958ರಲ್ಲಿ ಭಾರತೀಯ ಭೂವಿಜ್ಞಾನ ಸಂಘ ಹುಟ್ಟಿ, ಬೆಂಗಳೂರಿನಲ್ಲಿ ನೆಲೆ ನಿಂತದ್ದು ರಾಧಾಕೃಷ್ಣರ ದುಡಿಮೆಯಿಂದ. ಕೆಂಪೇಗೌಡರ ಗೋಪುರ ಹೊತ್ತಿರುವ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಜಾತಿಗೆ 'ಪೆನಿನ್ಸುಲರ್ ನೈಸ್' ಎಂಬ, ಜಗತ್ತೇ ಬಳಸುವ ಹೆಸರು ಕೊಟ್ಟದ್ದು ಸಂಸ್ಥಾನದ ನೌಕರನಾಗಿದ್ದ ಸ್ಮೀತ್. ಆ ಬಂಡೆಯ ಊರಿನಲ್ಲಿ ಕೂತು ಈ ವಿದ್ಯೆ ಯಾಕೆ ಎಂದು ಕೇಳುವುದಕ್ಕೆ ಒಂದು ಬಗೆಯ ಧೈರ್ಯ ಬೇಕು.

ಹೊರಗಿನವರನ್ನು ಇಷ್ಟು ಬೈದ ಮೇಲೆ ಒಳಗಿನವರನ್ನು ಬಿಡುವುದು ನ್ಯಾಯವಲ್ಲ. ಈ ಪದವಿಯ ಮಾನ ಕಳೆದದ್ದರಲ್ಲಿ ಕಾಲೇಜುಗಳ ಪಾಲೂ ದೊಡ್ಡದು. ಭೂವಿಜ್ಞಾನವನ್ನು ನೋಟ್ಸ್ ಬರೆಸಿ ಕಲಿಸುತ್ತಾರೆ. ನಾಲ್ಕು ಗೋಡೆಯೊಳಗೆ ಪಟ್ಟಿ ಬಾಯಿಪಾಠ ಮಾಡಿಸಿ, ವರ್ಷಕ್ಕೊಮ್ಮೆ ಬಸ್ ಮಾಡಿಕೊಂಡು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಕಂಬಕಂಬವಾಗಿ ನಿಂತ ಲಾವಾದ ಮುಂದೆ ಗುಂಪು ಫೋಟೋ ತೆಗೆಸಿಕೊಂಡು, ಮಲ್ಪೆಯಲ್ಲಿ ಮೀನೂಟ ಮಾಡಿ ಬಂದರೆ ಕ್ಷೇತ್ರಕಾರ್ಯ ಮುಗಿಯಿತು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಆ ಕಲ್ಲನ್ನು ಕೈಮಸೂರದಲ್ಲಿ ನೋಡಿದವರೆಷ್ಟು, ಆ ಕಂಬಗಳ ಓರೆ ಅಳೆದವರೆಷ್ಟು? ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಕಡಲ ತಳದಲ್ಲಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಇದೆ, ರಾಷ್ಟ್ರೀಯ ಭೂಸ್ಮಾರಕ. ಬಯಲುಸೀಮೆಯ ನಡುವೆ ಕಡಲ ತಳ! ಅದರ ಮುಂದೆ ಒಂದು ವಾರ ಟೆಂಟು ಹಾಕಿ, ಎಲ್ಲಿಂದ ಎಲ್ಲಿಯವರೆಗೆ ಯಾವ ಕಲ್ಲು ಎಂದು ತಾವೇ ನಕ್ಷೆ ಬರೆದ ಮಕ್ಕಳು ಆಮೇಲೆ ಯಾರ ಮಾತಿಗೂ ಅಂಜುವುದಿಲ್ಲ. ನೆಲ ತೋರಿಸುವುದು ಒಂದಿಷ್ಟು, ಮುಚ್ಚಿಟ್ಟಿರುವುದು ಬೆಟ್ಟದಷ್ಟು. ಕಂಡಷ್ಟರಲ್ಲಿ ಕಾಣದ್ದನ್ನು ಊಹಿಸಿ, ಊಹೆಗೆ ಎಷ್ಟು ಬೆಲೆ ಎಂದು ತಾನೇ ಬರೆದು ಸಹಿ ಹಾಕುವ ಅಭ್ಯಾಸ ಅದು. ಬೇರೆ ಯಾವ ಬಿಎಸ್‌ಸಿಯಲ್ಲೂ ಇಪ್ಪತ್ತರ ವಯಸ್ಸಿನವರಿಗೆ ಇದನ್ನು ಇಷ್ಟು ನೇರವಾಗಿ ಕಲಿಸುವುದಿಲ್ಲ.

ಪಠ್ಯಕ್ರಮದ ಗೊಂದಲ ಬೇರೆ. 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರಕ್ಕೆ ಬಂದರು. ಇಂಥ ಎಳೆದಾಟದಲ್ಲಿ ಮೊದಲು ಬಲಿಯಾಗುವುದು ಬಸ್ಸು ಡೀಸೆಲ್ಲು ಬೇಡುವ ಕ್ಷೇತ್ರಕಾರ್ಯವೇ. ಹೆಣ್ಣುಮಕ್ಕಳಿಗೆ ಇದು ಒಗ್ಗುವುದಿಲ್ಲ ಎಂಬ ಹಳೆಯ ರಾಗವೂ ಇದೆ. ಹೆಂಗಸರು ಭೂಗತ ಗಣಿಯಲ್ಲಿ ದುಡಿಯಬಾರದು ಎಂದು 1952ರ ಕಾಯ್ದೆ ಹಾಕಿದ್ದ ತಡೆಯನ್ನು ಸರ್ಕಾರವೇ 2019ರಲ್ಲಿ ಸಡಿಲಿಸಿತು. ಕಾಲೇಜುಗಳಿಗೆ ಮಾತ್ರ ಕ್ಷೇತ್ರಕಾರ್ಯಕ್ಕೆ ಹೋದಾಗ ಒಂದು ಶೌಚಾಲಯದ ಏರ್ಪಾಟು ಮಾಡಲು ಇನ್ನೂ ತೋಚಿಲ್ಲ.

ಪರಿಸರದ ಕಾಳಜಿಯಿರುವ ಒಳ್ಳೆಯ ಹುಡುಗ ಹುಡುಗಿಯರು ಈ ವಿಷಯದಿಂದ ದೂರ ಸರಿಯುವುದು ನನಗೆ ಹೆಚ್ಚು ಬೇಸರ ತರಿಸುವ ಸಂಗತಿ. ಭೂವಿಜ್ಞಾನ ಎಂದರೆ ಗಣಿ, ಗಣಿ ಎಂದರೆ ಬಳ್ಳಾರಿ ಎಂದು ಅವರ ಲೆಕ್ಕ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯಲ್ಲಿ ನಡೆದದ್ದೇನು? ಗುತ್ತಿಗೆಯ ಗಡಿ ಎಲ್ಲಿದೆ, ಗುಂಡಿ ಎಲ್ಲಿಯವರೆಗೆ ಹೋಗಿದೆ, ಗುಂಡಿಯ ಗಾತ್ರಕ್ಕೂ ಪರ್ಮಿಟ್ಟಿನ ಟನ್ನಿಗೂ ತಾಳೆಯಾಗುತ್ತದೆಯೇ ಎಂದು ನೋಡಬೇಕಾದವರು ನೋಡಲಿಲ್ಲ. 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ್ದು, ಎಲ್ಲದರ ಹಿಂದೆಯೂ ಗಡಿ ಮತ್ತು ಗುಂಡಿಯ ಲೆಕ್ಕದ ದೊಡ್ಡ ಪಾಲಿದೆ. ಊರ ಪಕ್ಕದ ಕ್ರಷರ್ ವಿರುದ್ಧ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುವವರಲ್ಲಿ ಆ ಲೆಕ್ಕ ಓದಬಲ್ಲವರು ಒಬ್ಬರಿದ್ದರೆ ಮನವಿಪತ್ರದ ತೂಕವೇ ಬೇರೆಯಾಗುತ್ತದೆ.

ಕೆಲಸ ಎಲ್ಲಿದೆ ತೋರಿಸಿ ಎನ್ನುವವರಿಗೆ ಒಂದು ಕೆಲಸವನ್ನು ತೋರಿಸಿಯೇ ಬಿಡುತ್ತೇನೆ. ಬೋರ್ ಕೊರೆಯುವಾಗ ಪ್ರತಿ ರಾಡ್ ಇಳಿದಂತೆ ಕಲ್ಲಿನ ಪುಡಿ ಮೇಲೆ ಬರುತ್ತದೆ. ಮೊದಲು ಕೆಂಪು, ಆಮೇಲೆ ಬೂದಿ, ಡೈಕ್ ಸಿಕ್ಕರೆ ಕಪ್ಪು, ರಾಮನಗರದ ಕಡೆಯ ಕ್ಲೋಸ್‌ಪೇಟ್ ಗ್ರಾನೈಟ್ ಆದರೆ ನಸುಗೆಂಪು. ಲಾರಿಯ ಹುಡುಗರಿಗೂ ಬಣ್ಣ ತಿರುಗಿದ್ದು ಗೊತ್ತಾಗುತ್ತದೆ. ಈ ನೆಲದ ಒಳಗನ್ನು ಸಾವಿರ ಅಡಿಯವರೆಗೆ ತೋರಿಸುವ ದಾಖಲೆ ಅದು, ಅದೂ ರೈತನ ಖರ್ಚಿನಲ್ಲಿ ಹೊರಬಂದದ್ದು. ಬೆಳಗಾಗುವುದರೊಳಗೆ ಅದು ಹೊಲದಲ್ಲಿ ಹರಡಿ ಮಣ್ಣು ಸೇರುತ್ತದೆ. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿ ಬೇಕು, ರಿಗ್‌ಗಳು ನೋಂದಣಿಯಾಗಿರಬೇಕು. ಹಿಡಿದು ಕೇಳಲು ದಾರಿ ಆಗಲೇ ಇದೆ. ತಾಲ್ಲೂಕಿಗೆ ಒಬ್ಬ ಭೂವಿಜ್ಞಾನ ಪದವೀಧರರನ್ನು ನೇಮಿಸಿ. ಪ್ರತಿ ರಾಡಿಗೆ ಒಂದು ಚೀಲ ಪುಡಿ, ಯಾವ ಆಳದಲ್ಲಿ ಬಣ್ಣ ತಿರುಗಿತು, ಯಾವ ಆಳದಲ್ಲಿ ಎಷ್ಟು ಇಂಚು ನೀರು ಬಂತು, ಎಲ್ಲಿ ಬರಲೇ ಇಲ್ಲ ಎಂದು ಸರ್ವೆ ನಂಬರಿನ ಎದುರು ಬರೆಸಿ, ಗ್ರಾಮ ಪಂಚಾಯಿತಿಯ ಗೋಡೆಗೆ ನಕ್ಷೆ ಅಂಟಿಸಿ. ಇನ್ನೂರಕ್ಕೂ ಹೆಚ್ಚು ತಾಲ್ಲೂಕು, ಅಷ್ಟೇ ಹುದ್ದೆ. ಅಂಥ ಒಬ್ಬರ ವರ್ಷದ ಸಂಬಳ ಫೇಲಾದ ಕೆಲವೇ ಬೋರ್‌ಗಳ ಖರ್ಚಿಗಿಂತ ಹೆಚ್ಚಾಗುವುದಿಲ್ಲ.